ಲ.ಸಾ.ಅ. ಕಲಿಸಿದ ತಮಟೆ

ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಎಂದರೆ ಇಂದಿಗೂ ನನ್ನ ಕಿವಿಗೆ ಕೇಳಿಸುವುದು ತಮಟೆ. ಚಿಂತಾಮಣಿಯ ಪ್ರೌಢಶಾಲೆಯಲ್ಲಿ ಕಲಿತ ಉಳಿದ ಗಣಿತವೆಲ್ಲ ಎಲ್ಲಿ ಹೋಯಿತೋ! ಇಷ್ಟು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದ ನಾನು ಬೀಜಗಣಿತದ ಒಂದು ಸೂತ್ರವನ್ನೂ ಈಗ ನೆಟ್ಟಗೆ ಬರೆಯಲಾರೆ. ಕಳೆದ ತಿಂಗಳು ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡಾಗ ಹಳೆಯ ಸಹಪಾಠಿಗಳು ಫೋನು ಮಾಡಿ ಮಾಡಿ ನೆನೆದದ್ದೂ ಪಾಠವನ್ನಲ್ಲ, 1986ರ ಗಣರಾಜ್ಯೋತ್ಸವವನ್ನು.

ಪ್ರತಿ ವರ್ಷ ಆ ದಿನ ಮಕ್ಕಳಿಗೆ ಒಂದೊಂದು ರಾಜ್ಯದ ವೇಷ ಹಾಕಿಸಿ ಸಾಲಾಗಿ ನಿಲ್ಲಿಸುವುದು ನಮ್ಮ ಶಾಲೆಯ ಪದ್ಧತಿ. ಪಂಜಾಬಿನ ಪೇಟಕ್ಕೆ ಯಾರದೋ ಅಜ್ಜಿಯ ಸೀರೆ ಬರುತ್ತಿತ್ತು. ಆ ವರ್ಷ ಮೇಷ್ಟ್ರು ಬೇಡವೆಂದರು. “ಭಾರತವನ್ನು ಬಾಡಿಗೆಗೆ ಯಾಕೆ ತರುತ್ತೀರಿ? ಈ ತರಗತಿಯಲ್ಲೇ ಕೂತಿದೆ.” ಅವರು ಹೇಳಿದ್ದು ನಿಜ. ನಮ್ಮಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮುರುಗಮಲ್ಲದ ಕಡೆಯ ಹುಡುಗನೊಬ್ಬ ದರ್ಗಾದ ಉರುಸಿನಲ್ಲಿ ಕೇಳಿ ಕೇಳಿಯೇ ದಫ್ ಎಂಬ ಚರ್ಮವಾದ್ಯ ಕಲಿತಿದ್ದ. ಕೆ.ಜಿ.ಎಫ್. ಗಣಿಯಿಂದ ಬಂದ ತಮಿಳು ಕುಟುಂಬದ ಹುಡುಗನಿಗೆ ಮಾರಿಯಮ್ಮನ ಹಬ್ಬದ ಜೋಡಿ ಚರ್ಮವಾದ್ಯ ಪಂಬೆ ಗೊತ್ತಿತ್ತು. ಮೇಷ್ಟ್ರು ಸ್ವತಃ ಮೃದಂಗ ನುಡಿಸುತ್ತಿದ್ದರು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಹಾಜರಿ ಕೂಗಿದಾಗಲೂ ತಡವಾಗಿ ಉತ್ತರಿಸುತ್ತಿದ್ದ ನನ್ನ ಗೆಳೆಯನ ಮನೆಯಲ್ಲಿ ತಲೆಮಾರುಗಳಿಂದ ತಮಟೆ ಇತ್ತು. ಜಾಲ್ರಾ, ಅಂದರೆ ಪುಟ್ಟ ಕಂಚಿನ ತಾಳ, ಹಾಕಿದವನು ನಾನು. ಸಣ್ಣ ಕೆಲಸವೆಂದು ನಗುವವರು ಆ ಐದು ನಿಮಿಷ ಜಾಲ್ರಾ ನಿಲ್ಲಿಸಿ ನೋಡಬೇಕಿತ್ತು.

ಊರಿನ ಕೆಲವು ಹಿರಿಯರು ತಕರಾರು ತೆಗೆದರು. ಹೆಣದ ಮುಂದೆ ಬಡಿಯುವುದನ್ನು ವೇದಿಕೆಗೆ ತರುವುದೇ ಎಂದರು. “ಊರಹಬ್ಬದಲ್ಲಿ ದೇವರ ಮುಂದೆ ಯಾವುದನ್ನು ಬಡಿಯುತ್ತಾರೆ ಸ್ವಾಮಿ?” ಎಂದು ಮೇಷ್ಟ್ರು ಕೇಳಿದರು, ಅಷ್ಟೆ. ತಮಟೆಯವನನ್ನು ನಡುವೆ ನಿಲ್ಲಿಸಿ, ತಾವು ಮೃದಂಗ ಹಿಡಿದು ಒಂದು ಬದಿಗೆ ಕೂತರು.

ಲ.ಸಾ.ಅ. ಬಂದದ್ದು ಅಭ್ಯಾಸದ ವೇಳೆ. ದಫ್ ಮತ್ತು ಪಂಬೆಗೆ ಖಂಡ ನಡೆಯ ಐದು ಎಣಿಕೆ, ತಮಟೆಗೆ ಮಿಶ್ರ ನಡೆಯ ಏಳು. ಎರಡೂ ಒಟ್ಟಿಗೆ ಹೊರಟರೆ ಮತ್ತೆ ಸಮದಲ್ಲಿ, ಅಂದರೆ ಸುತ್ತಿನ ಮೊದಲ ಪೆಟ್ಟಿನಲ್ಲಿ, ಕೂಡುವುದು 35 ಎಣಿಕೆ ಮುಗಿದ ಮೇಲೆ. ನಾವು 20 ದಾಟುತ್ತಿದ್ದಂತೆ ಚದುರಿಹೋಗುತ್ತಿದ್ದೆವು. ತಮಟೆಯವನು ಮಾತ್ರ ಚದುರಲಿಲ್ಲ. ಬಲಗೈಯಲ್ಲಿ ಮೋಟು ಕೋಲು, ಎಡಗೈಯಲ್ಲಿ ತೆಳುವಾದ ಬಿದಿರ ಸೀಳು, ಎದುರಿಗೆ ಎಷ್ಟೇ ಗಲಾಟೆಯಿದ್ದರೂ ಅವನ ಏಳು ಏಳೇ. ಪುಸ್ತಕದ ಲ.ಸಾ.ಅ. ಲೆಕ್ಕದಲ್ಲಿ ಸೊನ್ನೆ ತೆಗೆಯುತ್ತಿದ್ದ ಹುಡುಗ ಅವನು.

ಜನವರಿ 26ರ ಬೆಳಗ್ಗೆ ಮಂಜಿಗೆ ತಮಟೆಯ ಚರ್ಮ ಸಡಿಲಗೊಂಡು ಡಬಡಬ ಎನ್ನತೊಡಗಿತು. ಕಾಯಿಸದೆ ಗತಿಯಿಲ್ಲ, ಹುಲ್ಲೆಲ್ಲ ನೆನೆದಿತ್ತು. ಉಗ್ರಾಣದಲ್ಲಿ ಒಂದು ಕಟ್ಟು ಕಾಗದವಿದೆಯೆಂದು ಹೊಳೆದದ್ದು ನನಗೆ. ಅದು ನಮ್ಮದೇ ಅರ್ಧವಾರ್ಷಿಕ ಗಣಿತದ ಉತ್ತರಪತ್ರಿಕೆ, ಇನ್ನೂ ತಿದ್ದದೆ ಉಳಿದದ್ದು! ಶೌಚಾಲಯದ ಹಿಂದೆ ಉರಿ ಹಾಕಿದೆವು. ಚರ್ಮ ಬಿಗಿದು ತಮಟೆ ಖಣಖಣಿಸಿತು. ಧ್ವಜಾರೋಹಣಕ್ಕೆ ಬಂದ ಜನ 35ರ ಸಮ ಬಂದಾಗಲೆಲ್ಲ ತಾವೂ ಚಪ್ಪಾಳೆ ಹೊಡೆದರು. ತಕರಾರು ತೆಗೆದ ಹಿರಿಯರೊಬ್ಬರ ಕಾಲು ಕುರ್ಚಿಯ ಕೆಳಗೆ ತಾಳ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಮರುದಿನ ಮೇಷ್ಟ್ರು ಬೂದಿ ನೋಡಿ ಹೇಳಿದ್ದು ಇಷ್ಟೇ: “ನಿಮ್ಮ ಉತ್ತರಗಳಿಂದ ಇಷ್ಟಾದರೂ ಶಾಖ ಹುಟ್ಟಿತಲ್ಲ.” ಬಳಿಕ ಮತ್ತೆ ಪರೀಕ್ಷೆ ಇಟ್ಟರು. ನನಗಂತೂ ಒಳ್ಳೆಯ ಅಂಕ ಬಂತು.

2023ರಲ್ಲಿ ನಮ್ಮ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಘೋಷಣೆಯಾದಾಗ ಮೇಷ್ಟ್ರೇ ಫೋನು ಮಾಡಿದ್ದರು. ದನಿ ನಡುಗುತ್ತಿತ್ತು. “ನೋಡಿದೆಯೇನಯ್ಯ, ನಮ್ಮ ಕಡೆಯ ತಮಟೆ ದೆಹಲಿಗೆ ಹೋಯಿತು.” ಆ ಹಿರಿಯ ಕಲಾವಿದರ ಹೆಸರನ್ನು ನನ್ನ ಪಕ್ಕ ಕೂತಿದ್ದ ನನ್ನ ಮಗ ಅದೇ ಮೊದಲು ಕೇಳಿದ್ದು.

ಈಗಿನ ಮಕ್ಕಳನ್ನು ದೂರಲಾರೆ. ಅವರ ವಾರ್ಷಿಕೋತ್ಸವಕ್ಕೆ ಧ್ವನಿವರ್ಧಕದವನು ಪೆನ್‌ಡ್ರೈವಿನಲ್ಲಿ ಹಾಡು ತರುತ್ತಾನೆ, ಹುಡುಗರು ಅದಕ್ಕೆ ಕೈಕಾಲು ಆಡಿಸುತ್ತಾರೆ. ತಮಟೆಗೂ ಫೈಬರ್ ಹೊದಿಕೆ ಬಂದಿದೆ. ತಿರುಪು ಬಿಗಿದರೆ ಸಾಕು, ಬೆಂಕಿ ಬೇಡ. ಉತ್ತರಪತ್ರಿಕೆಗಳು ಕ್ಷೇಮ. ಆದರೆ ತರಗತಿಯಲ್ಲಿ ಯಾರ ಮನೆಯಲ್ಲಿ ಯಾವ ವಾದ್ಯವಿದೆ ಎಂದು ಕೇಳುವ ಮೇಷ್ಟ್ರು ಎಷ್ಟು ಜನರಿದ್ದಾರೋ!

ಕೊನೆಯ ಬೆಂಚಿನ ಗೆಳೆಯ ಈಗ ತನ್ನದೇ ತಂಡ ಕಟ್ಟಿದ್ದಾನೆ. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಅವನನ್ನು ಕರೆಸಲು ಸಮಿತಿ ಒಪ್ಪಿದೆ, ಭಾಷಣಗಳ ನಡುವೆ ಐದು ನಿಮಿಷ ಕೊಡುತ್ತದಂತೆ. ಮೊದಲು ಅವನು, ಆಮೇಲೆ ಸಮಯ ಉಳಿದರೆ ಭಾಷಣ ಎಂದು ನಾನು ಪತ್ರ ಬರೆದಿದ್ದೇನೆ. ಜಾಲ್ರಾಕ್ಕೆ ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ ಎಂದೂ ಸೇರಿಸಿದ್ದೇನೆ.