ಉಳಿದ ಹನ್ನೆರಡು ವೋಲ್ಟ್

"ತಮ್ಮಾ, ಇಪ್ಪತ್ನಾಲ್ಕು ಒಳಗ ಹೋಗಿ ಹನ್ನೆರಡು ಹೊರಗ ಬರ್ತಾವಂದ್ರ, ಉಳಿದ ಹನ್ನೆರಡು ಎಲ್ಲಿ ಹೋದ್ವು?"

ಸೋಮವಾರ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ರಿಪೇರಿ ಅಂಗಡಿಯಲ್ಲಿ ಅಪ್ಪ ಹೀಗೆ ಕೇಳಿದ. ಪಕ್ಕದಲ್ಲಿ ಮೊಬೈಲ್ ರಿಪೇರಿಗೆ ಬಂದಿದ್ದವನು ಕಿಸಕ್ಕನೆ ನಕ್ಕ. ಆ ನಗು ಇವತ್ತಿಗೂ ಚುಚ್ಚುತ್ತಿದೆ.

ನಮ್ಮ ಹೊಲದ ಗುಡಿಸಲಲ್ಲಿ ಸೋಲಾರ್ ಇದೆ. ಎರಡು ಬ್ಯಾಟರಿ ಸೇರಿ 24 ವೋಲ್ಟ್. ಫ್ಯಾನ್ 12 ವೋಲ್ಟಿನದು. ವೈರಿಂಗ್ ಮಾಡಿದವನು ನಡುವೆ ವೋಲ್ಟ್ ಇಳಿಸೋಕೆ ಮೂರು ಕಾಲಿನ ಪುಟ್ಟ ಚಿಪ್, 7812 ರೆಗ್ಯುಲೇಟರ್, ಹಾಕಿ ಹೋಗಿದ್ದ. ಕೆಟ್ಟವನಲ್ಲ, ಅವಸರದವನು. ಅದು ಕಾದು ಕಾದು ತಾನೇ ನಿಲ್ಲುತ್ತಿತ್ತು, ಆರಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಭಾನುವಾರ ಅಪ್ಪ ಡಬ್ಬಿ ಬಿಚ್ಚಿ ಅದನ್ನ ಮುಟ್ಟಿದ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು.

ಅಂಗಡಿಯವರು ನಗಲಿಲ್ಲ. ಆ ಬೊಬ್ಬೆಯನ್ನೇ ನೋಡಿ ಹೇಳಿದರು: "ನಿಮ್ಮ ಬೆರಳು ಸುಟ್ಟಿದ್ದೇ ಆ ಹನ್ನೆರಡು, ಯಜಮಾನ್ರ."

ಎಂಥ ಮಾತು! ಫ್ಯಾನ್ ಎಳೆಯುವುದು 1 ಆಂಪಿಯರ್. ಅದಕ್ಕೆ ಸಿಗುವುದು 12 ವ್ಯಾಟ್. ಬ್ಯಾಟರಿ ಕೊಡುವುದು ಮಾತ್ರ 24 ವ್ಯಾಟ್. ಉಳಿದದ್ದೆಲ್ಲ ಆ ಪುಟ್ಟ ಚಿಪ್‌ನಲ್ಲಿ ಬರೀ ಬಿಸಿ.

ಆಮೇಲೆ ಒಂದು ನೀಲಿ ಬೋರ್ಡ್ ತೆಗೆದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಎಲ್‌ಎಂ2596 ಚಿಪ್, 470 ಅಂತ ಬರೆದಿದ್ದ ತಾಮ್ರದ ತಂತಿಯ ಕಾಯಿಲ್, ಒಂದು ಡಯೋಡ್, ಎರಡು ಕೆಪಾಸಿಟರ್, ತಿರುಗಿಸಲು ಒಂದು ಹಿತ್ತಾಳೆ ಸ್ಕ್ರೂ.

"ಇದು ತಡಿಯೋದಿಲ್ಲ. ಬಿಡ್ತದ, ಬಂದ್ ಮಾಡ್ತದ. ನೀರು ಕಮ್ಮಿ ಇದ್ದಾಗ ಕಾಲುವಿ ಆನ್ ಆ್ಯಂಡ್ ಆಫ್ ಮಾಡ್ತಾರಲ್ಲ, ಹಂಗ. ಅರ್ಧ ಹೊತ್ತು ಬಿಟ್ರ ಅರ್ಧ ವೋಲ್ಟು. ಬಂದ್ ಇದ್ದಾಗ ಬ್ಯಾಟರಿಯಿಂದ ಏನೂ ಹೊರಗ ಬರೋದೇ ಇಲ್ಲ."

ಕಾಲುವೆಯ ಕೊನೆ ಭಾಗದ ರೈತನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾ? ಆದರೂ ಅಪ್ಪ ಬಿಡಲಿಲ್ಲ. "ಹಂಗಾದ್ರ ಫ್ಯಾನೂ ನಿಂತು ನಿಂತು ತಿರುಗಬೇಕಲ್ಲ?"

"ಮೇವು ಕತ್ತರಿಸೋ ಮಷಿನ್ ಚಕ್ರ ಕೈ ಬಿಟ್ಟ ಕೂಡಲೇ ನಿಲ್ತದೇನು?" ಅಂದರು ಅವರು. ಕಾಯಿಲ್ ಕೆಲಸ ಅದೇ. ಚಿಪ್ ಒಳಗಿನ ಸ್ವಿಚ್ ಆನ್ ಇದ್ದಾಗ ಶಕ್ತಿ ತುಂಬಿಕೊಳ್ಳುತ್ತೆ. ಆಫ್ ಆದಾಗ ಕರೆಂಟ್ ತಟ್ಟನೆ ನಿಲ್ಲೋಕೆ ಬಿಡೋದಿಲ್ಲ, ಡಯೋಡ್ ದಾರಿಯಲ್ಲಿ ಸುತ್ತು ಹಾಕಿಸುತ್ತೆ. ಉಳಿದ ಸಣ್ಣ ಏರುಪೇರನ್ನ ಕೆಪಾಸಿಟರ್ ಸಮ ಮಾಡುತ್ತೆ. ಇದೆಲ್ಲ ಸೆಕೆಂಡಿಗೆ ಒಂದೂವರೆ ಲಕ್ಷ ಸಲ. ಫ್ಯಾನಿಗೆ ಗೊತ್ತೂ ಆಗೋದಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಇಂಥ ಬೋರ್ಡಿಗೆ ಪುಸ್ತಕದಲ್ಲಿ ಬಕ್ ಕನ್ವರ್ಟರ್ ಅಂತ ಹೆಸರು. ಅದರ ಚಿತ್ರ ಬರೆದು, ಸೂತ್ರ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ಉಳಿದದ್ದು ಎಲ್ಲಿ ಹೋಯ್ತು ಅಂತ ಒಮ್ಮೆಯೂ ಕೇಳಲಿಲ್ಲ. ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಒಂದು ಹನಿಗೂ ಲೆಕ್ಕ ಇಟ್ಟು ಬದುಕಿದವನಿಗೆ ಮಾತ್ರ ಆ ಪ್ರಶ್ನೆ ತಾನಾಗಿ ಬರುತ್ತೆ ಅನಿಸುತ್ತೆ. ಕಂಪ್ಯೂಟರ್ ಒಳಗೆ 12 ವೋಲ್ಟನ್ನ ಪ್ರೊಸೆಸರ್‌ಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸೋದೂ ಇದೇ ಉಪಾಯ. ಹಳೇ ರೆಗ್ಯುಲೇಟರ್ ಆಗಿದ್ದರೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬಿಸಿಯಾಗಿ ಹೋಗುತ್ತಿತ್ತು. ಅಪ್ಪನ ಪ್ರಶ್ನೆ ಅಷ್ಟು ದೊಡ್ಡದು. ನಕ್ಕವನ ಕೈಯಲ್ಲಿದ್ದ ಮೊಬೈಲ್ ಒಳಗೂ ಅದೇ ಕೆಲಸ ನಡೆದಿತ್ತು.

ಅಂಗಡಿಯವರು ಮೀಟರ್ ಹಚ್ಚಿ, ಸ್ಕ್ರೂ ಸುತ್ತಿ ಸುತ್ತಿ 12.0ಕ್ಕೆ ತಂದು ಕೊಟ್ಟರು. "ಮೊದಲು ಮೀಟರ್, ಆಮೇಲೆ ಫ್ಯಾನ್" ಅಂತ ಎರಡು ಸಲ ಹೇಳಿದರು. ಕೆಲಸದ ಮೇಲೆ ಅಷ್ಟು ಭಕ್ತಿ ಇರುವವರನ್ನ ಕಂಡರೆ ನನಗೆ ತುಂಬಾ ಗೌರವ.

ರಾತ್ರಿ ಗುಡಿಸಲಲ್ಲಿ ಫ್ಯಾನ್ ನಿಲ್ಲದೆ ತಿರುಗಿತು. ಬ್ಯಾಟರಿಯಿಂದ ಹೋಗುತ್ತಿದ್ದ ಕರೆಂಟ್ ಅಳೆದೆ. ಅರ್ಧ ಆಂಪಿಯರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಪ್ಪ ಬೊಬ್ಬೆ ಇಲ್ಲದ ಬೆರಳನ್ನ ಮೆಲ್ಲಗೆ ಚಿಪ್ ಮೇಲಿಟ್ಟ. ತೆಗೆಯಲಿಲ್ಲ.

"ಸ್ವಲ್ಪ ಬೆಚ್ಚಗೈತಿ. ಇದು ಯಾವ ಲೆಕ್ಕ?"

"ಹತ್ತರಾಗ ಒಂದು ಪಾಲು, ಅಪ್ಪಾ. ಅಷ್ಟು ಅದು ತಿಂತದ."

"ಅಷ್ಟು ತಿನ್ಲಿ ಬಿಡು" ಅಂತ ಡಬ್ಬಿ ಮುಚ್ಚಿದ.