ಅರ್ಧ ಅಲ್ಲ, ಎರಡೂ

ಅಮೆರಿಕದಲ್ಲಿ ಅಮ್ಮ ಕನ್ನಡದವಳು, ಅಪ್ಪ ಕಪ್ಪು ಅಮೆರಿಕನ್ ಆಗಿರುವ ಮನೆಯ ಮಗು ಮೂರ್ನಾಲ್ಕು ವರ್ಷಕ್ಕೇ ಕೇಳಬಹುದು: ‘ನನಗ್ಯಾಕೆ ಅಮ್ಮನ ಬಣ್ಣ ಇಲ್ಲ?’ ‘ಎಲ್ಲರೂ ಒಂದೇ ಪುಟ್ಟಾ’ ಅಂತ ಸಾಗಹಾಕಿದರೆ, ಇದು ಕೇಳಬಾರದ ವಿಷಯ ಅಂದುಕೊಳ್ಳುತ್ತೆ. ಅದರ ಬದಲು ಮಗುವಿನ ಜೊತೆ ಪೇಂಟ್ ಹಿಡಿದು ಕೂತು, ಕೆಂಪು, ಹಳದಿ, ಚೂರೇ ಚೂರು ನೀಲಿ ಬೆರೆಸಿ ಕಂದು ಮಾಡಿ, ಬಿಳಿ ಸೇರಿಸುತ್ತಾ ಮನೆಮಂದಿಯ ಮೈಬಣ್ಣ ಒಂದೊಂದಾಗಿ ಹುಡುಕಿ. (ನೀಲಿ ಜಾಸ್ತಿಯಾದರೆ ಮಸಿಯಾಗುತ್ತೆ.) ಅಣ್ಣತಮ್ಮಂದಿರ ಬಣ್ಣವೇ ಬೇರೆಬೇರೆ ಬರುತ್ತೆ, ಮಾತು ಅಲ್ಲಿಂದ ತಾನಾಗಿಯೇ ಶುರು.

‘ಅರ್ಧ ಇಂಡಿಯನ್’ ಅನ್ನೋ ಲೆಕ್ಕ ಬೇಡ. ಎಲ್ಲೂ ಪೂರ್ತಿ ಸೇರದವನು ಅನಿಸುತ್ತೆ. ‘ಎರಡೂ’ ಅನ್ನಿ. ಅಲ್ಲಿನ ಜನಗಣತಿಯೇ 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಲು ಬಿಟ್ಟಿದೆ. ‘ನೀನು ಯಾವ ಜನ?’ ಅಂತ ಶಾಲೆಯಲ್ಲಿ ಕೇಳಿದರೆ ಒಂದು ಉದ್ದ ಉತ್ತರ, ಒಂದು ಗಿಡ್ಡ ಉತ್ತರ, ಜೊತೆಗೆ ‘ಈಗ ಹೇಳಲ್ಲ’ ಅನ್ನೋದನ್ನೂ ಮನೆಯಲ್ಲೇ ಆಡಿಸಿ ನೋಡಿ.

ಮಗುವಿನ ಗುಂಗುರು ಕೂದಲನ್ನು ಒಣಗಿದ್ದಾಗ ಬಾಚಿದರೆ ತುಂಡಾಗುತ್ತೆ; ಒದ್ದೆ ಮಾಡಿ, ಕಂಡಿಷನರ್ ಹಚ್ಚಿ, ತುದಿಯಿಂದ ಬುಡದತ್ತ ಬಿಡಿಸಿ. ‘ಥೂ, ಎಂಥಾ ಸಿಕ್ಕು’ ಅಂತ ಗೊಣಗಬೇಡಿ. ಇನ್ನು ವಿಡಿಯೋ ಕಾಲ್‌ನಲ್ಲಿ ಅಜ್ಜಿ ‘ಬಣ್ಣ ಒಂಚೂರು ಕಮ್ಮಿ ಆಯ್ತು’ ಅಂದರೆ ಮಗುವಿನ ಎದುರೇ, ನಗುತ್ತಲೇ ತಿದ್ದಿ: ‘ಕಮ್ಮಿ ಏನಿಲ್ಲಮ್ಮ, ಅದು ಅವರಪ್ಪನ ಬಣ್ಣ.’