ಹೆಂಚಿನ ಚೂರುಗಳ ಮೂರು ರಾಶಿ

ನಮಗೆ ಗ್ರೀಸ್ ಮತ್ತು ರೋಮ್ ನಾಗರಿಕತೆಗಳ ಇತಿಹಾಸ ಕಲಿಸಿದ ಗುರುಗಳು ಕಳೆದ ತಿಂಗಳು ತೀರಿಕೊಂಡರೆಂದು ತಿಳಿದ ದಿನದಿಂದ ನನ್ನ ಮನಸ್ಸು ಕಾಲೇಜಿನ ಆ ಹೆಂಚಿನ ಮಾಡಿನ ತರಗತಿಯಲ್ಲೇ ಇದೆ. 1978ರಿಂದ ಮೂರು ವರ್ಷ ನಾನಲ್ಲಿ ಬಿ.ಎ. ಓದಿದೆ. ರೋಮಿನ ಚಕ್ರವರ್ತಿಗಳ ಸಾಲು ಎಂದೋ ಮರೆತುಹೋಗಿದೆ. ಆದರೆ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ನೌಕಾಯುದ್ಧದ ಪಾಠದಂದು ಅವರು ಪಠ್ಯವನ್ನು ಮುಚ್ಚಿಟ್ಟು, ಗ್ರೀಕ್ ಕವಿ ಈಸ್ಕಿಲಸ್‌ನ ನಾಟಕವನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ‘ಪಾರಸಿಕರು’ ಕೃತಿಯಿಂದ ದೂತನ ಮಾತುಗಳನ್ನು ಓದಿದ ಧ್ವನಿ ಇಂದಿಗೂ ಕಿವಿಯಲ್ಲಿದೆ. ಪರ್ಷಿಯನ್ನರ ವಿರುದ್ಧ ಸ್ವತಃ ಕಾದಾಡಿದ ಕವಿಯೇ ಸೋತವರ ಅಳಲನ್ನು ಬರೆದನೆಂದು ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಅಥೆನ್ಸಿನವರು ತಮಗೆ ಬೇಡವಾದ ನಾಯಕನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಮತ ಹಾಕುತ್ತಿದ್ದರೆಂದೂ, 6000 ಚೂರು ಸೇರಿದರೆ ಹತ್ತು ವರ್ಷ ಗಡಿಪಾರೆಂದೂ ಅವರು ವಿವರಿಸಿದ ಮರುದಿನವೇ, ಕಿರುಪರೀಕ್ಷೆ ತಪ್ಪಿಸುವ ಆಸೆಯಿಂದ ನಾವು ಕೆಲವರು ಅವರದೇ ಹೆಸರು ಬರೆದ 42 ಹೆಂಚಿನ ಚೂರುಗಳನ್ನು ಮೇಜಿನ ಮೇಲೆ ಸುರಿದಿದ್ದೆವು. ಅವರು ಸಿಟ್ಟಾಗಲಿಲ್ಲ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ, ಹತ್ತು ನಿಮಿಷಗಳಲ್ಲಿ ಮೂರು ರಾಶಿ ಮಾಡಿದರು. “ಮತ ನಲವತ್ತೆರಡು, ಬರೆದ ಕೈ ಮೂರೇ” ಎಂದರು. ಅಕ್ರೊಪೊಲಿಸ್ ಬೆಟ್ಟದ ಉತ್ತರ ಇಳಿಜಾರಿನ ಹಳೆಯ ಬಾವಿಯೊಂದರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್‌ನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕಿದ್ದನ್ನೂ, ಅವನ್ನೆಲ್ಲ ಹದಿನಾಲ್ಕೇ ಮಂದಿ ಬರೆದಿದ್ದರೆಂದು ಅಕ್ಷರದ ಬಾಗು ಬಳುಕುಗಳಿಂದಲೇ ಕಂಡುಹಿಡಿದದ್ದನ್ನೂ ಆಮೇಲೆ ಹೇಳಿದರು. ಸಲಾಮಿಸ್‌ನಲ್ಲಿ ಗೆಲ್ಲಿಸಿದವನನ್ನೇ ಊರು ಹೊರಗಟ್ಟಿತ್ತು.

ಮೂರರಲ್ಲಿ ದೊಡ್ಡ ರಾಶಿ ನನ್ನದು. ನಾಚಿಕೆ ಎರಡು ದಿನಕ್ಕೆ ಕಳೆಯಿತು, ಬೆರಗು ಕಳೆಯಲಿಲ್ಲ. ಮುಂದೆ ಮೂವತ್ತು ವರ್ಷ ನಾನು ಶಾಸನಗಳ ಅಕ್ಷರ ಓದುವುದನ್ನೇ ವೃತ್ತಿಯಾಗಿಸಿಕೊಂಡೆ. ಬೇರೆ ಬೇರೆ ಊರುಗಳ ಎರಡು ಕಲ್ಬರಹಗಳನ್ನು ಕೆತ್ತಿದವನು ಒಬ್ಬನೇ ಎಂದು ನಾನು ತೋರಿಸಿಕೊಟ್ಟದ್ದನ್ನು ವಿದ್ವಾಂಸರು ಒಪ್ಪಿದ್ದಾರೆ, ಆ ಹೆಮ್ಮೆ ನನಗಿದೆ.

ಈಗ ನನ್ನ ಮೊಮ್ಮಗಳ ಪಠ್ಯದಲ್ಲಿ ಗ್ರೀಸ್ ಮತ್ತು ರೋಮ್ ಸೇರಿ ಒಂದೇ ಘಟಕ. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಿದರೆ ಸೆಮಿಸ್ಟರ್ ಮುಗಿಯುತ್ತದೆ. ಒಂದು ಚೂರಿಗಾಗಿ ಪಾಠದ ಗಂಟೆಯನ್ನೇ ಬಿಟ್ಟುಕೊಡುವ ಬಿಡುವು ಅಧ್ಯಾಪಕರಿಗೂ ಇಲ್ಲದಿರುವುದು ನನ್ನ ಕೊರಗು.

ನಿವೃತ್ತನಾದ ವರ್ಷ ಅಥೆನ್ಸಿಗೆ ಹೋಗಿ, ಅಲ್ಲಿನ ಪ್ರಾಚೀನ ಪೇಟೆ ಚೌಕವಾದ ಅಗೋರಾದ ವಸ್ತುಸಂಗ್ರಹಾಲಯದಲ್ಲಿ ಆ ಚೂರುಗಳ ಮುಂದೆ ಅರ್ಧ ದಿನ ನಿಂತಿದ್ದೆ. ಊರಿಗೆ ಮರಳಿ ಗುರುಗಳಿಗೆ ನಾಲ್ಕು ಪುಟದ ಪತ್ರ ಬರೆದೆ. ಅವರಿಂದ ಅಂಚೆ ಕಾರ್ಡು ಬಂತು, ನಡುಗುವ ಕೈಬರಹದಲ್ಲಿ ಒಂದೇ ಸಾಲು: “ಎಷ್ಟು ರಾಶಿ ಮಾಡಿದಿರಿ?”